ಅಶ್ಲೀಲತೆಯ ಕಾನೂನು, ಶಾಲೆ ಮತ್ತು ಜನಪದ ಪಠ್ಯ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವು ರಾಷ್ಟ್ರಕೂಟರ ಕೊನೆಗಾಲ ಮತ್ತು ಕಲ್ಯಾಣ ಚಾಲುಕ್ಯರ ಆರಂಭಕಾಲಗಳಿಗೆ ಸೇರಿದ್ದು, ಹತ್ತನೆಯ ಶತಮಾನದ ವಾಸ್ತುಶಿಲ್ಪಕ್ಕೂ ಹಳಗನ್ನಡದ ಶಾಸನಗಳಿಗೂ ಹೆಸರಾಗಿದೆ. ಅಲ್ಲಿನ ಮಿಥುನ ಶಿಲ್ಪಗಳೂ ಅಷ್ಟೇ ಪ್ರಸಿದ್ಧ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಕರೆತಂದ ಉಪಾಧ್ಯಾಯರು ಒಳಮಂಟಪದ ಕಂಬಗಳ ಕುಸುರಿಯನ್ನು ಬೆರಳು ಮಾಡಿ ತೋರಿಸಿ, ಹೊರಗೆ ಬಂದೊಡನೆ ‘ನಡೀರಿ, ಹೊತ್ತಾಯ್ತು’ ಎಂದು ಮಕ್ಕಳನ್ನು ಸಾಲುಗಟ್ಟಿಸುವುದನ್ನು ಅಲ್ಲಿಗೆ ಹೋದವರು ಕಂಡಿರಬಹುದು. ಮಕ್ಕಳು ನೋಡುವುದನ್ನು ನೋಡಿಯೇ ಇರುತ್ತಾರೆ ಎಂಬುದು ಬೇರೆಯ ಮಾತು.

ಈ ಅವಸರಕ್ಕೆ ಕಾನೂನಿನ ಒತ್ತಾಯವೇನೂ ಇಲ್ಲ. ಅಶ್ಲೀಲ ವಸ್ತುಗಳ ಮಾರಾಟ, ಹಂಚಿಕೆ ಮತ್ತು ಪ್ರದರ್ಶನವನ್ನು ಅಪರಾಧವೆಂದ 1860ರ ಭಾರತೀಯ ದಂಡ ಸಂಹಿತೆಯ 292ನೆಯ ಕಲಂ, ಆರಂಭದಿಂದಲೂ ದೇವಾಲಯದ ಮೇಲೆ ಕೆತ್ತಿದ್ದನ್ನೂ ದೇವರನ್ನು ಹೊತ್ತೊಯ್ಯುವ ತೇರಿನ ಮೇಲೆ ಕೆತ್ತಿದ್ದನ್ನೂ ತನ್ನ ವ್ಯಾಪ್ತಿಯಿಂದ ಹೊರಗಿರಿಸಿತ್ತು. 1969ರ ತಿದ್ದುಪಡಿಯು ಪ್ರಾಚೀನ ಸ್ಮಾರಕಗಳನ್ನೂ ಇದಕ್ಕೆ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮಿನಲ್ಲಿಯೂ ಈ ವಿನಾಯಿತಿ ಉಳಿದುಕೊಂಡಿದೆ. ಅಂದರೆ ಬಾಗಳಿಯ ಕಲ್ಲಿಗೂ ನಮ್ಮ ಊರೂರುಗಳ ತೇರಿನ ಗಾಲಿಯ ಮೇಲಿನ ಮರದ ಕೆತ್ತನೆಗೂ ಕಾನೂನಿನ ರಕ್ಷಣೆಯಿದೆ. ಆದರೆ ಅದೇ ತೇರಿನ ಮಿಣಿ ಹಿಡಿದವನೊಬ್ಬ, ಕೆತ್ತನೆಯಲ್ಲಿರುವುದನ್ನೇ ಹಾಡಾಗಿ ಹಾಡಿದರೆ ಅದನ್ನು ನೋಡಿಕೊಳ್ಳಲು ಬೇರೊಂದು ಕಲಂ ಇದೆ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಹಾಡು, ಲಾವಣಿ, ಮಾತುಗಳನ್ನು ದಂಡಿಸುವ ಹಳೆಯ 294ನೆಯ ಕಲಂ, ಈಗಿನ 296, ಇಂಥ ವಿನಾಯಿತಿಯನ್ನು ಹೇಳುವುದಿಲ್ಲ. ಕಲ್ಲಿಗೆ ಇರುವ ರಿಯಾಯಿತಿ ಬಾಯಿಗೆ ಇಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಜನಪದ ಸಾಹಿತ್ಯವು ಬಹುಪಾಲು ಬಾಯಿಯ ಸಾಹಿತ್ಯ. ಆದುದರಿಂದ ಮಕ್ಕಳನ್ನು ಅಶ್ಲೀಲದಿಂದ ಕಾಯುವ ಕಾನೂನು ಈ ಸಾಹಿತ್ಯವನ್ನು ಶಾಲೆಯ ಬಾಗಿಲಲ್ಲಿ ಹೇಗೆ ಎದುರುಗೊಂಡಿತು ಎಂಬುದು ವಿಮರ್ಶೆಯ ಪ್ರಶ್ನೆಯೂ ಹೌದು. ಈ ಪಠ್ಯಗಳನ್ನು ಕತ್ತರಿಸಿದ್ದು ನ್ಯಾಯಾಲಯವಲ್ಲ. ಕಾನೂನಿನ ಹೆಸರಿನಲ್ಲಿ ನಾವೇ ಬೆಳೆಸಿಕೊಂಡ ಅಂಜಿಕೆ. ಆ ಅಂಜಿಕೆ ಮಾತನ್ನು ಕಾಯುತ್ತ ಕುಳಿತಾಗ ಕಾಯಬೇಕಾದ ಮಗು ಬೇರೆ ಕಡೆ ನಿಂತಿತ್ತು. ಪ್ರಸ್ತುತ ಲೇಖನದ ಪ್ರತಿಪಾದನೆ ಇಷ್ಟೇ.

ಮೊದಲು ಕಾನೂನಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಈ ಪ್ರದೇಶವು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ ಕಾಯ್ದೆಗಳೇ. 1923ರಲ್ಲಿ ಜಿನೀವಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಸರಿಸಿ 1925ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿ ಬಂದಾಗ, ಎಳೆಯರಿಗೆ ಅಶ್ಲೀಲ ವಸ್ತುಗಳನ್ನು ಮಾರುವುದು ಪ್ರತ್ಯೇಕ ಅಪರಾಧವಾಗಿ 293ನೆಯ ಕಲಮಿನಲ್ಲಿ ಸ್ಥಾನ ಪಡೆಯಿತು. ಎಳೆಯರೆಂದರೆ ಇಪ್ಪತ್ತು ವರ್ಷದೊಳಗಿನವರು. ಆ ಕಾಲಕ್ಕೆ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತರ ಹೆಣ್ಣುಮಗಳು ಎರಡು ಮಕ್ಕಳ ತಾಯಿಯಾಗಿರುವುದು ಅಪರೂಪವಾಗಿರಲಿಲ್ಲ. ಹೊಸ ಸಂಹಿತೆಯ 295ನೆಯ ಕಲಂ ‘ಮಗು’ ಎಂಬ ಪದವನ್ನು ಬಳಸಿ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿದೆ. ಈ ನಡುವೆ 1956ರಲ್ಲಿ ಹಾನಿಕಾರಕ ಪ್ರಕಟಣೆಗಳಿಂದ ಎಳೆಯರನ್ನು ಕಾಪಾಡುವ ಕಾಯ್ದೆಯೊಂದು ಬಂತು. ಅದನ್ನು ಅನೇಕರು ಅಶ್ಲೀಲದ ಕಾಯ್ದೆಯೆಂದೇ ಭಾವಿಸಿದ್ದಾರೆ. ವಾಸ್ತವವಾಗಿ ಅದು ಹೆಸರಿಸುವುದು ಅಪರಾಧ, ಹಿಂಸೆ, ಕ್ರೌರ್ಯ ಮತ್ತು ಅಸಹ್ಯ ಹುಟ್ಟಿಸುವ ಘಟನೆಗಳ ಕಥೆಗಳನ್ನು. ಆ ಕಾಯ್ದೆಯನ್ನು ಅಕ್ಷರಶಃ ಓದಿದರೆ ಶೃಂಗಾರಕ್ಕಿಂತ ಮೊದಲು ಪತ್ತೇದಾರಿ ಕಾದಂಬರಿ ಸಿಕ್ಕಿಬೀಳಬೇಕು.

ಅಮೆರಿಕದಲ್ಲಿ ಕೆಲವು ರಾಜ್ಯಗಳು ಶಾಲೆ ಮತ್ತು ಶಾಲಾ ಗ್ರಂಥಾಲಯಗಳನ್ನು ಕುರಿತೇ ಇಂಥ ಕಾನೂನುಗಳನ್ನು ಮಾಡಿವೆ. ವಯಸ್ಕರಿಗೆ ಅಶ್ಲೀಲವಲ್ಲದ್ದು ಎಳೆಯರಿಗೆ ಅಶ್ಲೀಲವಾಗಬಹುದೆಂಬ ತತ್ತ್ವವನ್ನು ಅಲ್ಲಿನ ಸುಪ್ರೀಂ ಕೋರ್ಟು 1968ರ ಗಿನ್ಸ್‌ಬರ್ಗ್ ಪ್ರಕರಣದಲ್ಲಿ ಒಪ್ಪಿತು. 1982ರ ಪೀಕೊ ಪ್ರಕರಣದಲ್ಲಿ, ವಿಚಾರ ಒಪ್ಪಿಗೆಯಾಗಲಿಲ್ಲವೆಂಬ ಕಾರಣಕ್ಕೆ ಶಾಲಾ ಮಂಡಳಿಯು ಗ್ರಂಥಾಲಯದ ಪುಸ್ತಕಗಳನ್ನು ತೆಗೆಯುವಂತಿಲ್ಲ ಎಂಬ ಅಭಿಪ್ರಾಯವೂ ಅಲ್ಲಿಂದಲೇ ಬಂತು. ನಮ್ಮಲ್ಲಿ ಶಾಲೆಗೆಂದೇ ಬರೆದ ಅಶ್ಲೀಲತಾ ಕಾಯ್ದೆಯಿಲ್ಲ. ಸಾಮಾನ್ಯ ಕಾನೂನು, ಅದರ ಮೇಲೆ ಇಲಾಖೆಯ ಸುತ್ತೋಲೆ, ಅದರ ಮೇಲೆ ಮುಖ್ಯೋಪಾಧ್ಯಾಯರ ಅಳುಕು, ಹೀಗೆ ಪದರ ಪದರವಾಗಿ ನಿಷೇಧವು ಕಪಾಟನ್ನು ತಲುಪುತ್ತದೆ. ಕೊನೆಯ ಪದರವನ್ನು ಪ್ರಶ್ನಿಸಿ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲವಾದ್ದರಿಂದ ಅದಕ್ಕೆ ತೀರ್ಪೂ ಇಲ್ಲ, ದಾಖಲೆಯೂ ಇಲ್ಲ.

ನ್ಯಾಯಾಲಯಗಳು ಮಾತ್ರ ಈ ನೂರು ವರ್ಷಗಳಲ್ಲಿ ಬಹುದೂರ ಸಾಗಿವೆ. 1868ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪು, ಯಾರ ಮನಸ್ಸು ಸುಲಭವಾಗಿ ಕೆಡಬಲ್ಲದೋ ಅಂಥವರ ಕೈಗೆ ಪುಸ್ತಕ ಸಿಕ್ಕರೆ ಏನಾದೀತು ಎಂಬುದನ್ನು ಅಳತೆಗೋಲು ಮಾಡಿತ್ತು. ಇದರಿಂದ ಇಡೀ ಸಮಾಜದ ಓದಿಗೆ ಮಗುವೇ ಮಾನದಂಡವಾದಂತಾಯಿತು. 1964ರಲ್ಲಿ ‘ಲೇಡಿ ಚಾಟರ್ಲಿಯ ಪ್ರೇಮಿ’ ಕಾದಂಬರಿಯನ್ನು ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಯವರ ಶಿಕ್ಷೆಯನ್ನು ಎತ್ತಿಹಿಡಿದಾಗ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಬಹುಮಟ್ಟಿಗೆ ಅನುಸರಿಸಿತು. ಆದರೆ 1969ರ ಕಾಕೋಡ್ಕರ್ ಪ್ರಕರಣದಲ್ಲಿ, ಮರಾಠಿ ಕಥೆಯೊಂದನ್ನು ಪರಿಶೀಲಿಸಿದ ಅದೇ ನ್ಯಾಯಾಲಯವು, ಲೈಂಗಿಕತೆಯ ಪ್ರಸ್ತಾಪವೇ ಅಶ್ಲೀಲವೆಂದಾದರೆ ಹದಿಹರೆಯದವರು ಕಾದಂಬರಿಯನ್ನೇ ಓದುವಂತಿಲ್ಲ, ಕೇವಲ ಧಾರ್ಮಿಕ ಗ್ರಂಥಗಳನ್ನು ಓದಿಕೊಂಡಿರಬೇಕಾಗುತ್ತದೆ ಎಂಬ ಅರ್ಥದ ಮಾತನ್ನಾಡಿತು. (ಧಾರ್ಮಿಕ ಗ್ರಂಥಗಳನ್ನು ನಿಜವಾಗಿ ಓದಿದವರು ಆ ಭರವಸೆಯನ್ನೂ ಇಟ್ಟುಕೊಳ್ಳಲಾರರು.) ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿ ‘ಪ್ರಜಾಪತಿ’ಯನ್ನು ಕುರಿತ 1985ರ ತೀರ್ಪು, ನ್ಯಾಯಾಧೀಶನು ಮೊದಲು ಲೇಖಕನ ಸ್ಥಾನದಲ್ಲಿಯೂ ಬಳಿಕ ಎಲ್ಲ ವಯಸ್ಸಿನ ಓದುಗರ ಸ್ಥಾನದಲ್ಲಿಯೂ ನಿಂತು ನೋಡಬೇಕೆಂದಿತು. 2014ರ ಅವೀಕ್ ಸರ್ಕಾರ್ ತೀರ್ಪು ಹಿಕ್ಲಿನ್ ಮಾನದಂಡವನ್ನು ಕೈಬಿಟ್ಟು ‘ಸಮುದಾಯದ ಮಾನದಂಡ’ವನ್ನು ಸ್ವೀಕರಿಸಿತು. ನಮ್ಮ ಶಾಲೆಯ ಕಪಾಟು ಇನ್ನೂ 1868ರಲ್ಲಿಯೇ ಇದೆ.

ಸಮುದಾಯದ ಮಾನದಂಡವೆಂದಾಗ ಯಾವ ಸಮುದಾಯ ಎಂದು ಕೇಳಬೇಕಾಗುತ್ತದೆ. ಭಾರತೀಯ ಕಾವ್ಯಮೀಮಾಂಸೆಗೆ ಈ ಪ್ರಶ್ನೆ ಹೊಸದಲ್ಲ. ಆಲಂಕಾರಿಕರು ಅಶ್ಲೀಲವನ್ನು ಕಾವ್ಯದೋಷಗಳಲ್ಲಿ ಎಣಿಸಿ, ನಾಚಿಕೆ ತರುವುದು, ಜುಗುಪ್ಸೆ ಹುಟ್ಟಿಸುವುದು, ಅಮಂಗಲವನ್ನು ಸೂಚಿಸುವುದು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಲೈಂಗಿಕತೆ ಇದರಲ್ಲಿ ಮೂರನೆಯ ಒಂದು ಪಾಲು ಮಾತ್ರ. ಮಮ್ಮಟನಂಥವನು ಇನ್ನೂ ಮುಂದೆ ಹೋಗಿ, ಸಂದರ್ಭವಿದ್ದಲ್ಲಿ ಈ ದೋಷವೇ ಗುಣವಾಗುತ್ತದೆ ಎನ್ನುತ್ತಾನೆ: ಶೃಂಗಾರಗೋಷ್ಠಿಯಲ್ಲಿ ನಾಚಿಕೆಯ ಮಾತೂ ವೈರಾಗ್ಯದ ಕಥನದಲ್ಲಿ ಜುಗುಪ್ಸೆಯ ಮಾತೂ ಒಪ್ಪುತ್ತವೆ. ಪದದಲ್ಲಿ ಅಶ್ಲೀಲವಿಲ್ಲ, ಪ್ರಯೋಗದಲ್ಲಿದೆ ಎಂಬುದು ಇದರ ತಾತ್ಪರ್ಯ.

ಈ ತಾಲ್ಲೂಕುಗಳ ಹಾಡುಗಬ್ಬವು ಮಮ್ಮಟನನ್ನು ಓದಿರಲಿಲ್ಲವಾದರೂ ಇದೇ ನಿಯಮವನ್ನು ಪಾಲಿಸಿಕೊಂಡು ಬಂದಿದೆ. ಮದುವೆಯಲ್ಲಿ ಬೀಗರನ್ನು ಹೀಯಾಳಿಸುವ ಹಾಡು ಆ ದಿನಕ್ಕೆ ಸಲ್ಲುತ್ತದೆ, ಮಾರನೆಯ ದಿನ ಅದನ್ನೇ ಅಂದರೆ ಜಗಳವಾಗುತ್ತದೆ. ಹೋಳಿ ಹುಣ್ಣಿಮೆಯಲ್ಲಿ ಕಾಮನನ್ನು ಸುಡುವವರೆಗೆ ಬಾಯಿಗೆ ಅಂಕೆಯಿಲ್ಲ, ಸುಟ್ಟ ಬೂದಿ ಆರಿದ ಮೇಲೆ ಇದೆ. ಇಲ್ಲಿ ಕಾನೂನಿನ ಕಲ್ಪನೆಗೆ ಎಟುಕದ ಸಂಗತಿಯೊಂದಿದೆ. ಕಾನೂನಿನ ಮಗು ಯಾವಾಗಲೂ ಕೇಳುಗ ಅಥವಾ ಓದುಗ. ದೊಡ್ಡವರಿಂದ ಅದಕ್ಕೆ ಏನೋ ತಲುಪುತ್ತದೆ. ಕಟ್ಟಿಗೆ ಕುರುಳು ಕದ್ದು ತಂದು ಬೊಬ್ಬೆ ಹೊಡೆಯುವ ಹೋಳಿಯಲ್ಲಿ ಮಗುವೇ ಹಾಡುಗಾರ, ಕೇಳಿ ಮುಖ ತಿರುಗಿಸುವವರು ದೊಡ್ಡವರು. ಹಾಡು ಇತರರಿಗೆ ಕಿರಿಕಿರಿಯುಂಟುಮಾಡಿದರೆ ಮಾತ್ರ ಅಪರಾಧವೆಂದು 294ನೆಯ ಕಲಂ ಹೇಳುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ಊರಿಗೆ ಊರೇ ಒಪ್ಪಿಕೊಂಡ ದಿನದಂದು ಕಿರಿಕಿರಿ ಯಾರಿಗೆ? ರಂಗಪ್ರದರ್ಶನಗಳನ್ನು ನಿಯಂತ್ರಿಸಲು ವಸಾಹತು ಸರ್ಕಾರ ತಂದ 1876ರ ಕಾಯ್ದೆಯೂ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಜಾತ್ರಾ ಮೊದಲಾದ ಆಟಗಳಿಗೆ ತಾನು ಅನ್ವಯಿಸುವುದಿಲ್ಲವೆಂದು ಹೇಳಿಕೊಂಡಿತ್ತು. ಆ ಕಾಯ್ದೆ 2018ರಲ್ಲಿ ರದ್ದಾಗುವವರೆಗೂ ಈ ವಿನಾಯಿತಿ ಅದರಲ್ಲಿತ್ತು. ದೊಡ್ಡಾಟದ ಸಾರಥಿಯ ತಂಟೆಗೆ ಬರಲು ಬ್ರಿಟಿಷರಿಗೂ ಮನಸ್ಸಿರಲಿಲ್ಲ.

ಹಾಗೆಂದು ಈ ಸ್ವಾತಂತ್ರ್ಯವನ್ನು ಹೊಗಳಿ ಸುಮ್ಮನಾಗುವುದು ವಿಮರ್ಶಕನಿಗೆ ಶೋಭಿಸದು. ಬಯಲಾಟದ ಹಾಸ್ಯವನ್ನು ಗಮನವಿಟ್ಟು ಕೇಳಿದವರಿಗೆ ಅದರ ಬಾಣ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು ಗೊತ್ತು. ಗೌಡನ ಮನೆಯ ಹೆಣ್ಣುಮಗಳು ಅದರ ಗುರಿಯಾಗುವುದಿಲ್ಲ. ಕೇರಿಯ ಹೆಂಗಸು, ಗಂಡನಿಲ್ಲದವಳು, ಜೋಗತಿ, ಇವರು ಗುರಿಯಾಗುತ್ತಾರೆ. ನಮ್ಮ ಜಾನಪದ ವಿದ್ವತ್ತು ‘ಮುಗ್ಧ ಗ್ರಾಮ್ಯತೆ’ ಎಂದು ಕರೆದದ್ದರಲ್ಲಿ ಒಂದಂಶ ಮುಗ್ಧವೇನೂ ಅಲ್ಲ. ಶಾಲೆಯು ಇದನ್ನು ಬೇಡವೆಂದಿದ್ದರೆ ಅದಕ್ಕೆ ಕಾರಣವಿತ್ತು. ಆದರೆ ಶಾಲೆ ಬೇಡವೆಂದದ್ದು ಅವಮಾನವನ್ನಲ್ಲ, ಅಂಗಾಂಗದ ಹೆಸರನ್ನು.

ಪಠ್ಯವೊಂದನ್ನು ಸಮೀಪದಿಂದ ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತುಂಗಭದ್ರೆಯ ಎರಡೂ ದಡಗಳಲ್ಲಿ ಕುಮಾರರಾಮನ ಕಥೆಯಷ್ಟು ವ್ಯಾಪಕವಾಗಿ ಹಬ್ಬಿದ ಕಥೆ ಇನ್ನೊಂದಿಲ್ಲ. ಹದಿನಾಲ್ಕನೆಯ ಶತಮಾನದ ಆರಂಭದ ಕಮ್ಮಟದ ದೊರೆ ಕಂಪಿಲರಾಯನ ಮಗನಾದ ಈತ ಶಿಷ್ಟಕಾವ್ಯದಲ್ಲಿ ನಂಜುಂಡ ಕವಿಯ ಸಾಂಗತ್ಯಕ್ಕೆ, ಜನಪದದಲ್ಲಿ ಮಹಾಕಾವ್ಯಕ್ಕೆ, ರಂಗದಲ್ಲಿ ಬಯಲಾಟಕ್ಕೆ ವಸ್ತುವಾದವನು. ಶಾಲೆಯ ಮಕ್ಕಳಿಗೆ ಈ ಕಥೆಯನ್ನು ಹೇಳುವವರು ದೆಹಲಿಯ ಸೈನ್ಯದ ಎದುರು ನಿಂತ ಶೂರನ ಕಥೆಯೆಂದು ಹೇಳುತ್ತಾರೆ. ಅದು ತಪ್ಪಲ್ಲ, ಆದರೆ ಕಥೆಯ ನೆಲೆ ಅಲ್ಲಿಲ್ಲ. ಚೆಂಡಾಟದಲ್ಲಿ ಚೆಂಡು ಹೋಗಿ ಚಿಕ್ಕಮ್ಮ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ರಾಮನನ್ನು ಆಕೆ ಮೋಹಿಸುತ್ತಾಳೆ. ಮುದುಕ ರಾಜನಿಗೆ ಬಂದ ಎಳೆಯ ಹೆಂಡತಿ ಆಕೆ. ರಾಮನು ಒಲ್ಲೆನೆಂದಾಗ ಆಕೆ ಗಂಡನಲ್ಲಿ ದೂರುತ್ತಾಳೆ. ತಂದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಆತನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ‘ಪರನಾರಿ ಸಹೋದರ’ ಎಂಬ ಬಿರುದು ರಾಮನಿಗೆ ಸಲ್ಲುವುದು ಈ ಪ್ರಸಂಗದಿಂದ, ಯುದ್ಧದಿಂದಲ್ಲ.

ಈಗ ರತ್ನಾಜಿಯ ಮಾತುಗಳನ್ನು ತೆಗೆಯಿರಿ. ತೆಗೆದವರ ವಾದ ಸರಳ: ತಾಯಿಯ ಸ್ಥಾನದಲ್ಲಿರುವವಳು ಮಗನನ್ನು ಬಯಸುವ ಮಾತು ಮಕ್ಕಳ ಕಿವಿಗೆ ಬೀಳಬಾರದು. ತೆಗೆದ ಮೇಲೆ ಉಳಿಯುವುದೇನು? ಕಾರಣವಿಲ್ಲದೆ ಮಗನ ತಲೆ ಕೇಳುವ ತಂದೆ, ಯಾವ ಪರೀಕ್ಷೆಯೂ ಇಲ್ಲದೆ ಬಿರುದು ಹೊತ್ತ ಮಗ. ಅಶ್ಲೀಲವನ್ನು ಕಳೆದು ನೀತಿಯನ್ನು ಉಳಿಸಿಕೊಳ್ಳುತ್ತೇವೆಂದು ಹೊರಟವರು ನೀತಿಯನ್ನೂ ಕಳೆದುಕೊಂಡರು. ಜನಪದ ಹಾಡುಗಾರರು ಈ ಪ್ರಸಂಗದಲ್ಲಿ ಮಾತಿನ ಹೊರೆಯನ್ನು ರತ್ನಾಜಿಯ ಮೇಲೆಯೇ ಹಾಕುವುದು ಏಕೆಂದು ಯೋಚಿಸಬೇಕು. ಆಕೆ ಮನವೊಲಿಸುತ್ತಾಳೆ, ಹೆದರಿಸುತ್ತಾಳೆ, ಬೇಡುತ್ತಾಳೆ. ಕೇಳುಗನಿಗೆ ಆಕೆಯ ಮೇಲೆ ಸಿಟ್ಟಿನ ಜೊತೆಗೆ ಕನಿಕರವೂ ಹುಟ್ಟಬೇಕಾದರೆ ಆ ಮಾತುಗಳು ಬೇಕು. ಅವಿಲ್ಲದಿದ್ದರೆ ಆಕೆ ಬರಿಯ ಕೆಟ್ಟ ಹೆಂಗಸು. ಮುದಿ ಗಂಡ ಮತ್ತು ಎಳೆ ಹೆಂಡತಿಯ ಪ್ರಶ್ನೆಯನ್ನು ಕಾವ್ಯ ಎತ್ತಿತ್ತು ಎಂಬುದು ಮರೆಯಾಗುತ್ತದೆ. ಗ್ರೀಕರ ಫೀಡ್ರಾ, ಅಶೋಕನ ರಾಣಿ ತಿಷ್ಯರಕ್ಷಿತೆ, ತೆಲುಗಿನ ಸಾರಂಗಧರನ ಕಥೆಯ ಚಿತ್ರಾಂಗಿ, ಎಲ್ಲರೂ ಈ ಬಳಗದವರೇ. ಬಳ್ಳಾರಿಯ ಧರ್ಮಾವರಂ ರಾಮಕೃಷ್ಣಮಾಚಾರ್ಯರು ‘ವಿಷಾದ ಸಾರಂಗಧರ’ವನ್ನು ಬರೆದು ಆಡಿಸಿದಾಗ ಅದು ವಿದ್ಯಾವಂತರ ಸಭಾರಂಗವಾಗಿತ್ತು. ವಿದ್ಯಾವಂತರಿಗೆ ವಿಷಾದವಾಗಿ ಕಂಡದ್ದು ಬಯಲಿನಲ್ಲಿ ಆಡಿದಾಗ ಅಶ್ಲೀಲವಾಗಿ ಕಾಣುವುದರಲ್ಲಿ ಪಠ್ಯದ ಪಾತ್ರಕ್ಕಿಂತ ಜಗಲಿಯ ಎತ್ತರದ ಪಾತ್ರ ದೊಡ್ಡದು.

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಜನಪದ ಮಹಾಕಾವ್ಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಕಾರ್ಯವನ್ನು ಕೈಗೆತ್ತಿಕೊಂಡದ್ದು ಈ ದೃಷ್ಟಿಯಿಂದ ಮಹತ್ತ್ವದ್ದು. ಅಂಥ ಸಂಪುಟಗಳು ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಪ್ರಕಟವಾದವು. ಹಳೆಯ ಕಲಂ 292ರ, ಈಗಿನ 294ರ ವಿನಾಯಿತಿ ಅವುಗಳಿಗೆ ನೇರವಾಗಿ ಸಲ್ಲುತ್ತದೆ. ಗ್ರಂಥಪಾಲಕರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಮಕ್ಕಳಿಗೆ ಮಾರುವ, ಹಂಚುವ ಅಪರಾಧದ ಕಲಂ ಹೇಳುವುದು ಹಿಂದಿನ ಕಲಮಿನಲ್ಲಿ ಅಶ್ಲೀಲವೆನಿಸಿದ ವಸ್ತುವನ್ನೇ ಹೊರತು ಬೇರೆಯದನ್ನಲ್ಲ. ಹಿಂದಿನ ಕಲಮಿನ ವಿನಾಯಿತಿಗೆ ಒಳಪಟ್ಟ ಗ್ರಂಥವು ಮಗುವಿನ ಕೈಗೆ ಹೋದಾಕ್ಷಣ ಅಶ್ಲೀಲವಾಗಿ ಮಾರ್ಪಡುವುದಿಲ್ಲ. ಯಾವ ವಯಸ್ಸಿಗೆ ಯಾವ ಪುಸ್ತಕ ಎಂಬುದು ಶಿಕ್ಷಣದ ವಿವೇಕಕ್ಕೆ ಬಿಟ್ಟದ್ದು, ಪೊಲೀಸ್ ಠಾಣೆಗೆ ಬಿಟ್ಟದ್ದಲ್ಲ.

ಕತ್ತರಿ ಮೊದಲು ಬಿದ್ದದ್ದು ಶಾಲೆಯಲ್ಲಿಯೂ ಅಲ್ಲ. ಕನ್ನಡ ಜಾನಪದ ಸಂಗ್ರಹದ ಆರಂಭದ ದಿನಗಳಿಗೆ, ಈ ತಾಲ್ಲೂಕುಗಳಿಂದ ಉತ್ತರಕ್ಕಿರುವ ವಿಜಯಪುರದ ಸೀಮೆಗೆ ಒಮ್ಮೆ ಹೋಗಿ ಬರಬೇಕು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡಿಗರ ಕಣ್ಣು ತೆರೆಸಿದ ಸಂಕಲನ. ಅದರ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ಹೆಸರಿನಲ್ಲಿಯೇ ಆಯ್ಕೆಯಿದೆ. ಹಾಡುವವಳು ಗರತಿ. ತವರು, ಅಣ್ಣ, ಬಸಿರು, ತೊಟ್ಟಿಲು, ಹಬ್ಬ, ಇವು ಅವಳ ಲೋಕ. ಆ ಕಾಲದ ವಿದ್ಯಾವಂತರ ಮುಂದೆ ಹಳ್ಳಿಯ ಹೆಣ್ಣಿನ ಹಾಡನ್ನು ಕಾವ್ಯವೆಂದು ನಿಲ್ಲಿಸಲು ಈ ಹೆಸರು ಬೇಕಾಗಿತ್ತೇನೋ. ಮುಂದೆ ಪಠ್ಯಪುಸ್ತಕಗಳು ಜನಪದ ಗೀತೆಯೆಂದರೆ ಗರತಿಯ ತ್ರಿಪದಿಯೆಂದೇ ಭಾವಿಸಿದವು. ಗರತಿಯಲ್ಲದವಳು ಹಾಡಲಿಲ್ಲವೇ? ಚೌಡಿಕೆ ಹಿಡಿದು ಎಲ್ಲಮ್ಮನ ಪದಗಳನ್ನು ಹಾಡಿದವಳು, ಬಸವಿ, ಜೋಗತಿ, ಇವರ ಹಾಡು ಶಾಲೆಯ ಅಂಗಳಕ್ಕೆ ಬರಲಿಲ್ಲ.

ಬರಲಿಲ್ಲವೆಂಬುದಕ್ಕೆ ಈ ಐದು ತಾಲ್ಲೂಕುಗಳಲ್ಲಿ ಇರುವಷ್ಟು ಅರ್ಥ ಬೇರೆ ಕಡೆ ಇರಲಾರದು. ಬಳ್ಳಾರಿ ಜಿಲ್ಲೆಯ ಬಸವಿಯರನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಾಸೆಟ್ ಬರೆದನು. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನನ ಏಳು ಸಂಪುಟಗಳಲ್ಲಿಯೂ ಅವರ ಪ್ರಸ್ತಾಪವಿದೆ. ಬಿಡುವ ಹೊತ್ತಿಗೆ ಆ ಹುಡುಗಿಯರು ಎಳೆಯರು. ಮದ್ರಾಸು ಸರ್ಕಾರವು 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆಗ ಈ ಸೀಮೆ ಆ ಸರ್ಕಾರದ ಕೆಳಗೇ ಇತ್ತು. ಕರ್ನಾಟಕದ 1982ರ ಕಾಯ್ದೆ 1984ರಲ್ಲಿ ಜಾರಿಯ ಹಂತಕ್ಕೆ ಬಂತು. ಅದು ಹುಡುಗಿಯ ಒಪ್ಪಿಗೆಯಿದ್ದರೂ ಸಮರ್ಪಣೆ ಅಕ್ರಮವೆಂದು ಸಾರಿ, ಮುತ್ತು ಕಟ್ಟಿಸಿದವರು ತಂದೆತಾಯಿಗಳೇ ಆದರೆ ಶಿಕ್ಷೆಯನ್ನು ಹೆಚ್ಚಿಸಿತು. ಆದರೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಯ ಕಾಲಕ್ಕೆ ಅಧಿಕಾರಿಗಳು ಕಾವಲಿರಬೇಕಾಗಿ ಬಂದದ್ದು ಆ ಕಾಯ್ದೆ ಕಾಗದದ ಮೇಲಿಂದ ಇಳಿಯಲು ಹಿಡಿದ ಕಾಲವನ್ನು ಹೇಳುತ್ತದೆ. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿದವು. 2025ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಹೊಸ ಮಸೂದೆ ಅವರ ಮಕ್ಕಳ ಹಕ್ಕುಗಳನ್ನೂ ಮಾತಿಗೆ ತಂದಿತು.

ಆ ಮಕ್ಕಳು ಓದಿದ್ದು ಇದೇ ಸರ್ಕಾರಿ ಶಾಲೆಗಳಲ್ಲಿ. ಹೆಸರು ಕೂಗುವ ಪಟ್ಟಿಯಲ್ಲಿ ತಂದೆಯ ಹೆಸರಿನ ಅಂಕಣವಿತ್ತು. ಪುಸ್ತಕದಲ್ಲಿ ಗರತಿಯ ಹಾಡಿತ್ತು. ಅಂಗಳದಲ್ಲಿ ಬೈಗುಳವಿತ್ತು. ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ತಿಳಿದಿರುವಂತೆ, ತಾಯಿಯ ಹೆಸರಿಡಿದು ಮಗುವನ್ನು ಬೈಯುವ ಆ ಎರಡು ಪದಗಳು ಬೇರೆಯವರಿಗೆ ಬರಿಯ ಬೈಗುಳ. ಬಸವಿಯ ಮಗನಿಗೆ ಅದು ವಿವರಣೆ. ಕಲಂ 294 ಬಯಸಿದ ಎಲ್ಲ ಲಕ್ಷಣಗಳೂ ಇಲ್ಲಿ ಪೂರ್ಣವಾಗಿ ಕೂಡುತ್ತವೆ: ಮಾತು ಅಶ್ಲೀಲ, ಸ್ಥಳ ಸಾರ್ವಜನಿಕ, ಕೇಳಿದವನಿಗೆ ನೋವು. ಮಕ್ಕಳ ಮೇಲೆ ಮೊಕದ್ದಮೆ ಹೂಡಬೇಕೆಂಬುದು ನನ್ನ ಮಾತಲ್ಲ. ಶಾಲೆಯಲ್ಲಿ ಮಗುವಿಗೆ ಮಾನಸಿಕ ಕಿರುಕುಳವಾಗಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಹೇಳಿದೆ, ಅದನ್ನು ಉಪಾಧ್ಯಾಯರು ನೆನೆದರೆ ಸಾಕು. ನಾನು ಕೇಳುವುದು ವಿಮರ್ಶೆಯ ಪ್ರಶ್ನೆಯನ್ನು. ಸೂಳೆ ಎಂಬ ಪದವಿದೆಯೆಂದು ಕಥೆಯನ್ನು ಪಠ್ಯದಿಂದ ತೆಗೆದ ಶಾಲೆಗೆ, ಆ ಪದ ತನ್ನ ಅಂಗಳದಲ್ಲಿ ದಿನವೂ ಒಬ್ಬನ ಮೇಲೆ ಬೀಳುವುದು ಏಕೆ ಕೇಳಿಸಲಿಲ್ಲ?

2007ರ ವಿವಾದದಲ್ಲಿ ಇದೇ ಕಿವುಡು ಬೇರೊಂದು ರೂಪ ತಾಳಿತು. ಕೇಂದ್ರ ಮಾನವ ಸಂಪನ್ಮೂಲ ಇಲಾಖೆಯೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ 2005ರಲ್ಲಿ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಮೊದಲಾದ ರಾಜ್ಯಗಳು 2007ರಲ್ಲಿ ತಡೆಹಿಡಿದವು. ಚಿತ್ರಗಳು ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗದವು ಎಂಬುದು ಆಕ್ಷೇಪ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂಬ ನಿಲುವನ್ನು ತಾಳಿತು. ಆ ವರ್ಷಗಳಲ್ಲಿ ಬಳ್ಳಾರಿಯು ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯನ್ನು ಬಿಟ್ಟರೆ ನಮ್ಮ ಉಳಿದ ತಾಲ್ಲೂಕುಗಳು ಅದರೊಳಗಿದ್ದವು. ಚಿತ್ರಗಳ ಬಗೆಗೆ ಆಕ್ಷೇಪವಿದ್ದವರು ಚಿತ್ರಗಳನ್ನು ಬದಲಿಸಬಹುದಿತ್ತು. ಪಾಠವನ್ನೇ ನಿಲ್ಲಿಸಿದರು. 2012ರ ಪೋಕ್ಸೊ ಕಾಯ್ದೆಯು ಇದಕ್ಕಿಂತ ವಿವೇಕದ ದಾರಿ ಹಿಡಿದಿದೆ ಎಂದು ನನಗೆ ತೋರುತ್ತದೆ. ಮಗುವಿನೆದುರು ಆಡಿದ ಮಾತು, ತೋರಿದ ವಸ್ತು ಲೈಂಗಿಕ ಕಿರುಕುಳವಾಗುವುದು ಆಡಿದವನ, ತೋರಿದವನ ಲೈಂಗಿಕ ಉದ್ದೇಶದಿಂದ. ಪದದ ಬದಲು ಪ್ರಯೋಗವನ್ನು ನೋಡುವ ಈ ದೃಷ್ಟಿ ಆಲಂಕಾರಿಕರಿಗೆ ಒಪ್ಪಿಗೆಯಾಗುತ್ತಿತ್ತು.

ಈ ಸೀಮೆಯ ಆಧುನಿಕ ಲೇಖಕರ ವಿಷಯ ಇನ್ನೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ ತಿಮ್ಮ ಹೇಳುವ ನಗೆಹನಿಗಳಲ್ಲಿ ದ್ವಂದ್ವಾರ್ಥಕ್ಕೆ ಕೊರತೆಯಿಲ್ಲ. ಅವುಗಳನ್ನು ನಾವೆಲ್ಲ ಬಾಲ್ಯದಲ್ಲಿಯೇ ಓದಿದೆವು, ಯಾರೂ ತಡೆಯಲಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಸ್ವತಃ ಶಾಲಾ ಉಪಾಧ್ಯಾಯರಾಗಿದ್ದವರು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅರಮನೆ’ಯ ಭಾಷೆ ಈ ನೆಲದ ಬೈಗುಳ, ಆಣೆ, ಹರಕೆಗಳಿಂದ ಕಟ್ಟಿದ್ದು, ಬೈಗುಳ ಕಳೆದರೆ ವಾಕ್ಯವೇ ಬೀಳುತ್ತದೆ. ನಗರದ ಓದುಗನಿಗೆ ಬೀಚಿ ಹಾಸ್ಯ, ಕುಂವೀ ಒರಟು. ಒಂದು ದ್ವಂದ್ವಾರ್ಥದಲ್ಲಿ ಅಡಗಿದೆ, ಇನ್ನೊಂದು ನೇರವಾಗಿದೆ ಎಂಬುದನ್ನು ಬಿಟ್ಟರೆ ಈ ವರ್ಗೀಕರಣಕ್ಕೆ ಆಧಾರ ತೋರದು. ಅ.ನ. ಕೃಷ್ಣರಾಯರು ತಮ್ಮ ಕಾದಂಬರಿಗಳ ಮೇಲೆ ಬಂದ ಆರೋಪಕ್ಕೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ಯನ್ನು ಬರೆದಾಗ ಚರ್ಚೆ ಕಾದಂಬರಿಕಾರನ ಸ್ವಾತಂತ್ರ್ಯದ ಸುತ್ತ ನಡೆಯಿತು. ಹಾಡುಗಾರ್ತಿಯ ಪರವಾಗಿ ಅಂಥ ಪುಸ್ತಕವನ್ನು ಯಾರೂ ಬರೆಯಲಿಲ್ಲ.

ಕೊನೆಯದಾಗಿ ಸಂಶೋಧಕರ ಗಮನಕ್ಕೆ ತರಬೇಕಾದ ಒಂದು ಸಂಗತಿಯಿದೆ. ಈ ತಾಲ್ಲೂಕುಗಳ ಬಯಲಾಟದ ಮೇಷ್ಟ್ರುಗಳ ಮನೆಯಲ್ಲಿ ಆಟದ ಪ್ರತಿಗಳಿರುತ್ತವೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಕೈಬರಹದಲ್ಲಿ ಬರೆದುಕೊಂಡವು. ಆಟ ಕಲಿಸುವ ದಿನ ಪೂಜೆ ಮಾಡಿ ತೆಗೆಯುವಂಥವು. ಅವುಗಳಲ್ಲಿ ಪದ್ಯವಿರುತ್ತದೆ, ಮಾತಿರುತ್ತದೆ, ಸಾರಥಿಯ ಹಾಸ್ಯಕ್ಕೆ ಜಾಗ ಬಿಟ್ಟಿರುತ್ತದೆ. ಆ ಹಾಸ್ಯವನ್ನು ಯಾರೂ ಬರೆಯುವುದಿಲ್ಲ. ಅದು ಆ ರಾತ್ರಿಯದು. ಸಂಪಾದಕರು ಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸುವಾಗ ಆ ಖಾಲಿ ಜಾಗವನ್ನು ಮುಚ್ಚಿ ಮುಂದಿನ ಪದ್ಯವನ್ನು ಮೇಲಕ್ಕೆ ಎಳೆದುಕೊಳ್ಳುವುದು ರೂಢಿ. ಖಾಲಿ ಬಿಟ್ಟದ್ದನ್ನು ಖಾಲಿಯಾಗಿಯೇ ಅಚ್ಚು ಮಾಡಿ, ಅಲ್ಲಿ ಸಾರಥಿಯು ಎಷ್ಟು ಹೊತ್ತು ಮಾತನಾಡುತ್ತಿದ್ದ, ಯಾರನ್ನು ಕುರಿತು, ಮಕ್ಕಳು ಎಲ್ಲಿ ಕುಳಿತಿರುತ್ತಿದ್ದರು ಎಂಬುದನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುವುದು ಸಾಧ್ಯ. ಧಾರ್ಮಿಕ ಉದ್ದೇಶಕ್ಕೆ ಪ್ರಾಮಾಣಿಕವಾಗಿ ಇಟ್ಟುಕೊಂಡ ಬರಹವೆಂದು ಆ ಲೆಕ್ಕದ ಪುಸ್ತಕಕ್ಕೆ 294ನೆಯ ಕಲಮಿನ ವಿನಾಯಿತಿ ಹೇಗೂ ಇದೆ. ಗ್ರಂಥಾಲಯದ ಪರಿಗ್ರಹಣ ಪುಸ್ತಕದಲ್ಲಿ ಮಾತ್ರ ಅದಕ್ಕೆ ಇನ್ನೂ ಒಂದು ಸಂಖ್ಯೆ ಬಂದಿಲ್ಲ.